ಆನೆಕಾಡಿನಲ್ಲಿ ಮಿಸ್ಸಿಂಗ್, ಗ್ಯಾರೇಜಿನಲ್ಲಿ ಫಸ್ಟ್ ಕ್ಲಾಸ್

ನಮ್ಮ ಕಾರು ಮಿಸ್ಸಿಂಗ್ ಹೊಡೆಯಲು, ಅಂದರೆ ಓಡುವಾಗ ಎಂಜಿನ್ ನಡುನಡುವೆ ಉರಿಯುವುದು ತಪ್ಪಲು, ಶುರು ಮಾಡಿದ್ದು ಮಳೆ ಕಡಿಮೆಯಾಗುವ ಹೊತ್ತಿಗೆ, ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಕುಶಾಲನಗರದಿಂದ ಮಡಿಕೇರಿ ಕಡೆ ಬರುವಾಗ ಆನೆಕಾಡಿನಲ್ಲಿ ಏರು ಶುರುವಾಗುತ್ತದಲ್ಲ, ಅಲ್ಲಿ ಮೂರನೇ ಗೇರಿನಲ್ಲಿ ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಸಡನ್ನಾಗಿ ಮುಗ್ಗರಿಸುತ್ತಿತ್ತು. ಇಡೀ ಗಾಡಿ ನಡುಗುತ್ತಿತ್ತು, ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಿಳಿ ಹೊಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ. ಕೆಲವು ಸೆಕೆಂಡ್ ಅಷ್ಟೆ. ಆಮೇಲೆ ತಾನಾಗಿಯೇ ಸರಿಯಾಗಿ, ಸುಂಟಿಕೊಪ್ಪ ದಾಟಿ ಮಾದಾಪುರ ರಸ್ತೆಗೆ ತಿರುಗಿ ಮನೆ ಸೇರುವವರೆಗೂ ಯಾವ ತಕರಾರೂ ಇಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಆ ಕಾಡಿನ ನಡುವೆ ಇಳಿದು ಬಾನೆಟ್ ಎತ್ತಿ ನೋಡುವ ಧೈರ್ಯ ನನಗಂತೂ ಇಲ್ಲ.

ಗಾಡಿ ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ. ಡೀಸೆಲ್ ಎಂಜಿನ್, ನಾಲ್ಕು ಸಿಲಿಂಡರ್, 1.4 ಲೀಟರ್, ಟರ್ಬೊ ಇಲ್ಲ, ಸಿಲಿಂಡರುಗಳಿಗೆ ಡೀಸೆಲ್ ತಳ್ಳಲು ಹಳೇ ಕಾಲದ ರೋಟರಿ ಪಂಪ್. ಕಂಪ್ಯೂಟರ್ ಇಲ್ಲವೇ ಇಲ್ಲ, ಸ್ಕ್ಯಾನರ್ ಚುಚ್ಚಿ ಎರರ್ ಕೋಡ್ ನೋಡುವ ಆಟ ಇಲ್ಲಿ ನಡೆಯುವುದಿಲ್ಲ. 15 ವರ್ಷ ಮುಗಿದ ಮೇಲೆ ಮಡಿಕೇರಿಯಲ್ಲಿ ಎಫ್‌ಸಿ ಮಾಡಿಸಿ, ಟ್ಯಾಕ್ಸ್ ಕಟ್ಟಿ, ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ ಗಾಡಿ. ಮಾರಲು ಹೋದರೆ ಗುಜರಿ ರೇಟು ಕೇಳುತ್ತಾರೆ. ಇಟ್ಟುಕೊಂಡರೆ ಗೊಬ್ಬರದ ಚೀಲದಿಂದ ಹಿಡಿದು ಕಾಳುಮೆಣಸಿನ ಮೂಟೆವರೆಗೆ ಏನು ಹಾಕಿದರೂ ಗೊಣಗುವುದಿಲ್ಲ. ವಾರದ ದಿನಗಳಲ್ಲಿ ನನ್ನ ಹೆಂಡತಿ ಅದರಲ್ಲಿ ಶಾಲೆಗೆ ಹೋಗಿ ಬರುತ್ತಾಳೆ, ಟೀಚರ್. ರಜೆ ದಿನ ನನ್ನ ಕೈಗೆ ಬರುತ್ತದೆ. ಈ ವಿಷಯ ಆಮೇಲೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಡೀಸೆಲ್ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂದರೆ ಪೆಟ್ರೋಲ್ ಗಾಡಿ ಓಡಿಸಿದವರು ಮೊದಲು ಕೇಳುವುದೇ ಪ್ಲಗ್ ನೋಡಿದಿರಾ ಅಂತ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಬರೀ ಗಾಳಿ ಬರುತ್ತದೆ, ಪಿಸ್ಟನ್ ಅದನ್ನು ಒತ್ತುತ್ತದೆ, ನಮ್ಮಂಥ ಎಂಜಿನ್ನಿನಲ್ಲಿ ಸುಮಾರು 22 ಪಾಲು ಜಾಗದ ಗಾಳಿ ಒಂದು ಪಾಲಿಗೆ ಇಳಿಯುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ಮೇಲೆ ಬಿಸಿಯಾಗುತ್ತದೆ. ಡೀಸೆಲ್ ತಾನೇ ಹೊತ್ತಿಕೊಳ್ಳಲು ಸುಮಾರು 210 ಡಿಗ್ರಿ ಸಾಕು. ಸರಿಯಾದ ಹೊತ್ತಿಗೆ ಇಂಜೆಕ್ಟರ್ ಸಣ್ಣ ಹನಿ ಹನಿಯಾಗಿ ಡೀಸೆಲ್ ಸಿಂಪಡಿಸಿದರೆ ಅದು ಹೊತ್ತುತ್ತದೆ, ಅಷ್ಟೇ ಕಥೆ. ಹಾಗಾಗಿ ಮಿಸ್ಸಿಂಗ್ ಬಂದರೆ ಒಂದೋ ಕಂಪ್ರೆಷನ್ ಇಲ್ಲ, ಇಲ್ಲ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲ, ಇಲ್ಲ ಪಂಪಿಗೆ ಡೀಸೆಲ್ ಜೊತೆ ಬೇರೆ ಏನೋ ಹೋಗುತ್ತಿದೆ. ಬೇರೆ ಏನೋ ಅಂದರೆ ನೀರು ಅಥವಾ ಗಾಳಿ.

ಬಿಳಿ ಹೊಗೆ ಕಂಡದ್ದು ನನಗೆ ಸ್ವಲ್ಪ ದಾರಿ ತೋರಿಸಿತು. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಎಂಜಿನ್ನಿನಿಂದ ಬಿಳಿ ಬಂದು, ಮೂಗಿಗೆ ಹಸಿ ಡೀಸೆಲ್ ವಾಸನೆ ಹೊಡೆದರೆ, ಡೀಸೆಲ್ ಒಳಗೆ ಹೋಗಿದೆ ಆದರೆ ಉರಿದಿಲ್ಲ ಅಂತ ಅರ್ಥ. ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿದರೂ ಬಿಳಿ ಬರುತ್ತದೆ, ಆದರೆ ಅದಕ್ಕೆ ಈ ವಾಸನೆ ಇರುವುದಿಲ್ಲ, ನೀರೂ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಗಾಡಿಯಲ್ಲಿ ನೀರಿನ ಮಟ್ಟ ಇದ್ದಲ್ಲೇ ಇತ್ತು.

ಮೊದಲು ಹೋದದ್ದು ಸುಂಟಿಕೊಪ್ಪದ ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ. ಎಲ್ಲರೂ ಅವರನ್ನು ಕಾಕ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಾಕ ಗಾಡಿ ಸ್ಟಾರ್ಟ್ ಮಾಡಿ, ರೇಸ್ ಮಾಡಿ, ಒಂದು ರೌಂಡ್ ಓಡಿಸಿಕೊಂಡು ಬಂದರು. "ಎಂತದೂ ಇಲ್ವಲ್ಲ ಮಾರಾಯ್ರೇ. ಎಂಜಿನ್ ಫಸ್ಟ್ ಕ್ಲಾಸ್ ಉಂಟು" ಅಂದರು. ನನಗೆ ಗೊತ್ತಿದ್ದ ಉತ್ತರವೇ. ಆದರೂ ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಇಳಿಸಿದರು. ತಳದಲ್ಲಿ ನೀರು ನಿಂತಿತ್ತು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಷ್ಟು ಸ್ಪಷ್ಟ.

ನೀರು ಎಲ್ಲಿಂದ ಅಂತ ಹುಡುಕುವುದು ಕಷ್ಟವಿರಲಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಪಂಪ್‌ಸೆಟ್ಟಿಗೆ ಅಂತ ಬ್ಯಾರಲ್ಲಿನಲ್ಲಿ ಡೀಸೆಲ್ ತಂದಿಡುವುದು ತೋಟದ ಮನೆಗಳಲ್ಲಿ ಮಾಮೂಲಿ. ಮಿಕ್ಕಿದ್ದು ಗಾಡಿಗೆ ಹೋಗುತ್ತದೆ. ಅರ್ಧ ಖಾಲಿ ಬ್ಯಾರಲ್ಲಿನೊಳಗೆ ಜುಲೈ ಆಗಸ್ಟಿನ ಗಾಳಿ ಸೇರಿದರೆ, ರಾತ್ರಿ ತಣ್ಣಗಾದಾಗ ತಗಡಿನ ಒಳಮೈಗೆ ಹನಿ ಕಟ್ಟಿ ಕೆಳಗಿಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬ್ಯಾರಲ್ ಬಿಡುತ್ತದಾ? ಕಾಕ ಫಿಲ್ಟರ್ ಬದಲಾಯಿಸಿದರು, ಪೈಪಿನಲ್ಲಿ ಸೇರಿದ್ದ ಏರ್ ತೆಗೆದರು. ನಾನು ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿದೆ, ಹೊಸ ಡೀಸೆಲ್ ಸೇರಿದರೆ ಒಳ್ಳೆಯದಲ್ವಾ ಅಂತ. ಗಾಡಿ ಚೆನ್ನಾಗಿ ಓಡಿತು. ಮಿಸ್ಸಿಂಗ್ ಹೋಯಿತು ಅಂತ ಎಲ್ಲರಿಗೂ ಹೇಳಿಯೂ ಆಯಿತು. ಕೆಲವೇ ದಿನ. ಮತ್ತೆ ಅದೇ ನಡುಕ, ಅದೇ ಹೊಗೆ, ಈ ಸಲ ನಮ್ಮ ತೋಟದ ಗೇಟಿನ ಹತ್ತಿರದ ಏರಿನಲ್ಲಿ.

ಅಷ್ಟರಲ್ಲಿ ಚಳಿ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್ ಕೂಡ ಸೇರಿಕೊಂಡಿತು. ಸೆಲ್ಫ್ ಹೊಡೆದು ಹೊಡೆದು ಹೊತ್ತಿಕೊಂಡ ಮೇಲೂ ಒಂದು ನಿಮಿಷ ಕುಂಟುತ್ತಿತ್ತು. ಇಂಥ ಎಂಜಿನ್ನಿಗೆ ಪ್ರತಿ ಸಿಲಿಂಡರಿಗೆ ಒಂದು ಹೀಟರ್ ಪ್ಲಗ್ ಇರುತ್ತದೆ, ತಣ್ಣಗಿರುವಾಗ ಒಳಗಿನ ಸಣ್ಣ ಚೇಂಬರ್ ಬಿಸಿ ಮಾಡಲು. ಅದನ್ನು ನೋಡುವುದು ಮನೆಯಲ್ಲೇ ಆಗುವ ಕೆಲಸ. ಪ್ಲಗ್ಗಿನ ವೈರ್ ತೆಗೆದು, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ ಇಟ್ಟರೆ ಬಲ್ಬ್ ಹೊತ್ತಬೇಕು. ಹೊತ್ತದಿದ್ದರೆ ಒಳಗಿನ ಕಾಯಿಲ್ ಕಟ್ಟಾಗಿದೆ. ಎರಡು ಸತ್ತಿದ್ದವು. ನಾಲ್ಕನ್ನೂ ಬದಲಾಯಿಸಿದೆ. ಬೆಳಗಿನ ಕುಂಟಾಟ ನಿಂತಿತು. ಏರಿನ ಮಿಸ್ಸಿಂಗ್ ನಿಲ್ಲಲಿಲ್ಲ. ನಿಲ್ಲುತ್ತದೆ ಅಂತ ಅಂದುಕೊಂಡೂ ಇರಲಿಲ್ಲ ಬಿಡಿ, ಆನೆಕಾಡು ಹತ್ತುವ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತದೆ, ಹೀಟರ್ ಪ್ಲಗ್ಗಿಗೆ ಅಲ್ಲಿ ಕೆಲಸವೇ ಇಲ್ಲ. ಎರಡು ಕಾಯಿಲೆ ಒಟ್ಟಿಗೆ ಬಂದರೆ ಒಂದರ ಔಷಧಿಯಲ್ಲಿ ಇನ್ನೊಂದು ವಾಸಿಯಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಮುಂದಿನದು ಇಂಜೆಕ್ಟರ್. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಹಿಡಿಯಲು ಒಂದು ಸುಲಭದ ದಾರಿ ಇದೆ. ಎಂಜಿನ್ ಐಡಲಿಂಗಿನಲ್ಲಿ ಇರುವಾಗ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಪಾನಾ ಹಾಕಿ ಸ್ವಲ್ಪ ಲೂಸ್ ಮಾಡುವುದು. ಡೀಸೆಲ್ ಅಲ್ಲೇ ಹೊರಗೆ ಚಿಮ್ಮುತ್ತದೆ, ಆ ಸಿಲಿಂಡರಿಗೆ ಹೋಗುವುದಿಲ್ಲ. ಒಳ್ಳೆಯ ಸಿಲಿಂಡರ್ ಆಗಿದ್ದರೆ ಎಂಜಿನ್ ತಕ್ಷಣ ತಗ್ಗುತ್ತದೆ, ನಡುಗುತ್ತದೆ. ಲೂಸ್ ಮಾಡಿದರೂ ಶಬ್ದದಲ್ಲಿ ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ಬನಿಯನ್ ಕ್ಲಾತ್ ಸುತ್ತಿ ಮಾಡಬೇಕು, ಕೈ ಬೆರಳು ಚಿಮ್ಮುವ ಕಡೆ ಹೋಗಬಾರದು, ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಬೆರಳು ಉಳಿಸಿಕೊಳ್ಳುವುದೇ ಕಷ್ಟ. ಇನ್ನೊಂದು ಮಾತು, ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಎಲ್ಲಾ ಇಂಜೆಕ್ಟರಿಗೂ ಒಂದೇ ಪೈಪಿನಲ್ಲಿ ಭಾರೀ ಒತ್ತಡದ ಡೀಸೆಲ್ ತುಂಬಿಟ್ಟಿರುವ ಗಾಡಿಗಳಲ್ಲಿ, ಇದನ್ನು ಮಾಡಲೇಬೇಡಿ. ನಮ್ಮದರಲ್ಲಿ ಇಂಜೆಕ್ಟರ್ ತೆರೆಯುವುದು ಸುಮಾರು 120-150 ಬಾರ್ ಒತ್ತಡಕ್ಕೆ. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟಬಹುದು, ನಟ್ಟಿಗೆ ಪಾನಾ ಹಾಕುವುದೇ ಅಪಾಯ.

ಕಾಕ ಒಂದೊಂದಾಗಿ ಲೂಸ್ ಮಾಡಿದರು. ನಾಲ್ಕಕ್ಕೂ ಎಂಜಿನ್ ಒಂದೇ ಥರ ತಗ್ಗಿತು. ಸತ್ತ ಸಿಲಿಂಡರ್ ಇಲ್ಲ. ಅಂದರೆ ಕಂಪ್ರೆಷನ್ನೂ ಪರವಾಗಿಲ್ಲ. ಆಗ ನನಗೆ ಹೊಳೆದದ್ದು ಇಷ್ಟು. ಒಂದೇ ಸಿಲಿಂಡರ್ ಮಿಸ್ ಆದರೆ ನಡುಕಕ್ಕೆ ಒಂದು ತಾಳ ಇರುತ್ತದೆ, ನಾಲ್ಕರಲ್ಲಿ ಒಂದು ಪೆಟ್ಟು ಖಾಲಿ, ಮತ್ತೆ ಮತ್ತೆ ಅದೇ ಜಾಗದಲ್ಲಿ. ನಮ್ಮದಕ್ಕೆ ತಾಳವೇ ಇರಲಿಲ್ಲ. ಒಮ್ಮೆ ಪೂರ್ತಿ ಬಿಟ್ಟು, ಒಮ್ಮೆ ಹಿಡಿದು, ಮತ್ತೆ ಅರ್ಧ ಬಿಟ್ಟು, ಗೊತ್ತುಗುರಿ ಇಲ್ಲದ ನಡುಕ. ಅಂದರೆ ತಪ್ಪು ಒಂದು ಸಿಲಿಂಡರಿನದ್ದಲ್ಲ, ನಾಲ್ಕಕ್ಕೂ ಡೀಸೆಲ್ ಕೊಡುವ ಕಡೆಯದ್ದು.

ಆದರೂ ಇಂಜೆಕ್ಟರ್ ಬಿಚ್ಚಿ ಒಮ್ಮೆ ನೋಡಿಬಿಡೋಣ ಅಂತ ಕುಶಾಲನಗರದ ಡೀಸೆಲ್ ಪಂಪ್ ಕೆಲಸದವರಿಗೆ ಕೊಟ್ಟೆವು. ಅಲ್ಲಿನ ಹುಡುಗ ಟೆಸ್ಟರಿಗೆ ಸಿಕ್ಕಿಸಿ ಹ್ಯಾಂಡಲ್ ಒತ್ತಿ ತೋರಿಸಿದ. ಮೂರು ಚೆನ್ನಾಗಿ ಮಂಜು ಮಂಜಾಗಿ ಸಿಂಪಡಿಸಿದವು. ಒಂದು ಮಾತ್ರ ಸಿಂಪಡಿಸಿದ ಮೇಲೂ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. "ಇದಕ್ಕೆ ನಾಜಲ್ ಚೇಂಜ್ ಮಾಡಣ್ಣ, ಆದ್ರೆ ನೀವು ಹೇಳೋ ಕಂಪ್ಲೇಂಟ್ ಇದ್ರಿಂದ ಅಲ್ಲ" ಅಂದ. ಅವನ ಮೇಲೆ ನನಗೆ ಗೌರವ ಬಂದದ್ದು ಆಗಲೇ. ನಾಜಲ್ ಹಾಕಿಸಿ, ಹೊಸ ತಾಮ್ರದ ವಾಷರ್ ಕೊಟ್ಟು ಕೂರಿಸಿ, ಬರುವ ದಾರಿಯಲ್ಲಿ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಆನೆಕಾಡು ಹತ್ತಿದರೆ ಗಾಡಿ ಹೊಸದು! ಹುಡುಗ ಹೇಳಿದ್ದು ಸುಳ್ಳಾಯಿತು, ನಾಜಲ್ಲೇ ಇರಬೇಕು ಅಂತ ಮನೆಯಲ್ಲಿ ಮಾತಾಯಿತು.

ಸುಳ್ಳಾಗಿರಲಿಲ್ಲ. ಕಾಫಿ ಕೊಯ್ಲು ಜೋರಾಗಿದ್ದ ಸಮಯ, ಕೆಲಸದವರನ್ನು ಬಿಟ್ಟು ಬರಲು ಮಾದಾಪುರಕ್ಕೆ ಹೋದವನು ಹಿಂದೆ ಬರುವಾಗ ಮತ್ತೆ ಅದೇ ಕಥೆ.

ಈಗ ಸಲಹೆಗಳು ಬರತೊಡಗಿದವು. ಪಂಪ್ ಬಿಚ್ಚಿಸಿ ಅಂದವರೇ ಜಾಸ್ತಿ. ಅದಕ್ಕೆ ಕಾರಣವೂ ಇತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್ ಬಂತು, ಗಂಧಕ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲಿಗೆ ಇಳಿಯಿತು. ಗಂಧಕ ತೆಗೆಯುವಾಗ ಹಳೇ ರಬ್ಬರ್ ಸೀಲುಗಳನ್ನು ಉಬ್ಬಿಸಿ ಇಡುತ್ತಿದ್ದ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೇ ಡೀಸೆಲ್ಲಿಗೆ ಒಗ್ಗಿ ಗಟ್ಟಿಯಾದ ಸೀಲು ಆಗ ಕುಗ್ಗುತ್ತದೆ, ಪಂಪ್ ಜಿನುಗುತ್ತದೆ, ಅಲ್ಲಿಂದ ಗಾಳಿಯೂ ಎಳೆಯಬಹುದು. ಇದು ಬರೀ ಊಹೆಯಲ್ಲ, ಪಂಪ್ ಕೆಲಸದವರನ್ನು ಕೇಳಿದರೆ ಹೇಳುತ್ತಾರೆ. ಆದರೆ ನಮ್ಮ ಪಂಪಿನ ಮೈ ಒಣಗಿತ್ತು, ಒಂದು ಹನಿ ಜಿನುಗಿದ ಗುರುತಿಲ್ಲ. ಹೊಸ ಸೀಲುಗಳ ಕಿಟ್ ಹಾಕಿ, ಪಂಪ್ ಅಳತೆ ಸರಿ ಮಾಡುವ ಕ್ಯಾಲಿಬ್ರೇಷನ್ ಮಾಡಿಸಿದರೆ ಹತ್ತು ಸಾವಿರಕ್ಕೆ ಮುಗಿಯುವ ಬಾಬತ್ತಲ್ಲ. ಗಾಡಿಯ ಬೆಲೆಯೇ ಎಷ್ಟು ಅಂತ ಯೋಚನೆ ಮಾಡಿ. ಕಾಕನಿಗೂ ಮನಸ್ಸಿರಲಿಲ್ಲ. "ಪಂಪ್ ಬಿಚ್ಚೋದು ಕಟ್ಟಕಡೆಗೆ. ಅದಕ್ಕೆ ಮುಂಚೆ ಬೇರೆ ಎಲ್ಲಾ ನೋಡುವ" ಅಂದರು.

ಪಂಪಿನ ಮೇಲೆ ಎಂಜಿನ್ ಆಫ್ ಮಾಡುವ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಇದ್ದಾಗ ಅದಕ್ಕೆ ಕರೆಂಟ್ ಹೋಗಿ ಡೀಸೆಲ್ ದಾರಿ ತೆರೆದಿರುತ್ತದೆ. ಅದರ ವೈರ್ ಲೂಸ್ ಆದರೂ ಗಾಡಿ ಹೀಗೇ ಮುಗ್ಗರಿಸುತ್ತದೆ. ಟರ್ಮಿನಲ್ ಸ್ವಚ್ಛ ಮಾಡಿ, ಎಂಜಿನ್ ಓಡುವಾಗ ವೈರ್ ಅಲ್ಲಾಡಿಸಿ ನೋಡಿದೆವು. ಏನೂ ಆಗಲಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ದಾರಿ ಕಟ್ಟಿಕೊಂಡರೆ ಒಳಗೆ ನಿರ್ವಾತ ಆಗಿ ಡೀಸೆಲ್ ಬರುವುದು ನಿಲ್ಲುತ್ತದೆ, ಮುಚ್ಚಳ ತೆಗೆದಾಗ ಬುಸ್ ಅನ್ನುತ್ತದೆ. ಅದೂ ಇಲ್ಲ.

ಗಂಟು ಬಿಚ್ಚಿದ್ದು ನನ್ನ ಹೆಂಡತಿ. ಒಂದು ಸಂಜೆ ಕಾಫಿ ಕುಡಿಯುತ್ತಾ ಅವಳೇ ಶುರು ಮಾಡಿದಳು. "ನೀವು ಗಾಡಿ ರಿಪೇರಿ ಮಾಡಿಸ್ಕೊಂಡು ಬಂದಾಗೆಲ್ಲ ಸರಿ ಇರ್ತದೆ, ಆಮೇಲೆ ನನ್ನ ಕೈಯಲ್ಲೇ ಕೆಡೋದು ಯಾಕೆ ಗೊತ್ತುಂಟಾ?"

ನಾನು ಏನೋ ಹೇಳಲು ಹೊರಟೆ. ಅವಳು ಬಿಡಲಿಲ್ಲ. "ನೀವು ಟ್ಯಾಂಕ್ ಫುಲ್ ಮಾಡಿಸಿ ತರ್ತೀರಿ. ನಾನು ಐನೂರು ಐನೂರು ಹಾಕ್ಸಿ ಓಡಿಸ್ತೇನೆ. ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದ್ಮೇಲೆ ಇದು ಶುರುವಾಗೋದು. ಮೇಲಿದ್ದಾಗ ಒಂದು ದಿನಾನೂ ಆಗಿಲ್ಲ ನನಗೆ."

ಹಳೇ ಬಂಕ್ ಬಿಲ್ಲುಗಳು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಬಿದ್ದಿದ್ದವು. ಕೂತು ಹೊಂದಿಸಿ ನೋಡಿದೆವು. ಫಿಲ್ಟರ್ ಬದಲಾಯಿಸಿದ ದಿನ ಫುಲ್ ಟ್ಯಾಂಕ್. ನಾಜಲ್ ಹಾಕಿಸಿದ ದಿನ ಫುಲ್ ಟ್ಯಾಂಕ್. ಫಿಲ್ಟರೂ ವಾಸಿ ಮಾಡಿರಲಿಲ್ಲ, ನಾಜಲ್ಲೂ ಮಾಡಿರಲಿಲ್ಲ, ವಾಸಿ ಮಾಡಿದ್ದು ಬಂಕಿನವನು! ಗ್ಯಾರೇಜಿನಲ್ಲಿ ಗಾಡಿ ಯಾಕೆ ಯಾವಾಗಲೂ ಫಸ್ಟ್ ಕ್ಲಾಸ್ ಅನ್ನುವುದಕ್ಕೂ ಅರ್ಧ ಉತ್ತರ ಸಿಕ್ಕಿತು. ಗ್ಯಾರೇಜಿನ ಅಂಗಳ ಸಮತಟ್ಟು, ಅಲ್ಲಿ ಏರು ಎಲ್ಲಿದೆ?

ಇಲ್ಲಿಂದ ಮುಂದಿನ ಕೆಲಸ ಖುಷಿ ಕೊಟ್ಟಿತು, ಯಾಕೆಂದರೆ ಈಗ ಕಾಯಿಲೆಯನ್ನು ನಾವು ಕರೆದಾಗ ಬರುವಂತೆ ಮಾಡಬಹುದಿತ್ತು. ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವವರೆಗೆ ಓಡಿಸಿದೆವು. ಒಂದು ಭಾನುವಾರ ಕಾಕ ನಮ್ಮ ಮನೆಗೇ ಬಂದರು. ಕಣದಿಂದ ಮನೆಗೆ ಹತ್ತುವ ದಾರಿಯಲ್ಲಿ ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಮನೆ ಕಟ್ಟಿಸುವಾಗ ಮೇಸ್ತ್ರಿ ಬಿಟ್ಟುಹೋದ ಲೆವೆಲ್ ಪೈಪ್ ಇತ್ತು, ಒಳಗೆ ಹರಿಯುವುದು ಹೊರಗೆ ಕಾಣುವ ಪ್ಲಾಸ್ಟಿಕ್ಕಿನದು. ಅದರಲ್ಲಿ ಒಂದು ಮೊಳ ಕತ್ತರಿಸಿ ಡೀಸೆಲ್ ಫಿಲ್ಟರಿಗೂ ಪಂಪಿಗೂ ನಡುವೆ ಸೇರಿಸಿ ಕ್ಲಿಪ್ ಬಿಗಿದೆವು. ಆ ಪೈಪ್ ಪರೀಕ್ಷೆಗೆ ಮಾತ್ರ, ಬಹಳ ದಿನ ಬಿಟ್ಟರೆ ಡೀಸೆಲ್ ತಾಗಿ ಗಟ್ಟಿಯಾಗಿ ಒಡೆಯುತ್ತದೆ. ಸ್ಟಾರ್ಟ್ ಮಾಡಿ ಐಡಲಿಂಗಿನಲ್ಲಿ ನೋಡಿದರೆ ಡೀಸೆಲ್ ತಿಳಿಯಾಗಿ ಹರಿಯುತ್ತಿತ್ತು. ರೇಸ್ ಮಾಡಿ ಹಿಡಿದೆ. ಮೊದಲು ಸಾಸಿವೆಯಷ್ಟು ಗುಳ್ಳೆ ಒಂದೆರಡು. ಆಮೇಲೆ ಸಾಲು ಸಾಲು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಗಾಳಿಯ ತುಂಡು ಹೋಯಿತು ನೋಡಿ, ಎಂಜಿನ್ ಮುಗ್ಗರಿಸಿತು, ಬಿಳಿ ಹೊಗೆ ಬಂತು. ಕಾಕ ಬಾನೆಟ್ಟಿನ ಮೇಲೆ ಕೈ ತಟ್ಟಿದರು. "ಏರ್ ಎಳೀತಾ ಉಂಟು! ನಾನು ಅವತ್ತೇ ಅಂದುಕೊಂಡಿದ್ದೆ."

ಅವತ್ತು ಅವರು ಅಂದುಕೊಂಡಿರಲಿಲ್ಲ. ಇರಲಿ.

ಗಾಳಿ ಎಲ್ಲಿಂದ ಸೇರುತ್ತಿದೆ ಅನ್ನುವುದು ಮುಂದಿನ ಪ್ರಶ್ನೆ. ಇಂಥ ಎಂಜಿನ್ನಿನಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವುದು ಮುಂದಿರುವ ಪಂಪೇ. ಅದು ಉರಿಸುವುದಕ್ಕಿಂತ ತುಂಬಾ ಜಾಸ್ತಿ ಎಳೆದು, ಮಿಕ್ಕಿದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಹಾಗಾಗಿ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಇಷ್ಟು ದಿನ ಎಲ್ಲರೂ ಗಾಡಿ ಕೆಳಗೆ ಬಗ್ಗಿ ಒದ್ದೆ ಹುಡುಕಿದ್ದು, ಒಣಗಿದೆ ಅಂತ ಸಮಾಧಾನಪಟ್ಟದ್ದು ಇದೇ ಕಾರಣಕ್ಕೆ ದಂಡ.

ಮತ್ತೊಂದು ಪರೀಕ್ಷೆ ಮಾಡಿದೆವು. ಐದು ಲೀಟರಿನ ಕ್ಯಾನಿನಲ್ಲಿ ಒಳ್ಳೆ ಡೀಸೆಲ್ ತುಂಬಿ, ಗಾಡಿಯ ಪಕ್ಕ ಸ್ಟೂಲಿನ ಮೇಲೆ ಇಟ್ಟು, ಟ್ಯಾಂಕಿನ ಪೈಪ್ ತಪ್ಪಿಸಿ ಫಿಲ್ಟರಿಗೆ ನೇರ ಕ್ಯಾನಿನಿಂದ ಪೈಪ್ ಕೊಟ್ಟೆವು, ರಿಟರ್ನ್ ಪೈಪನ್ನೂ ಅದರೊಳಗೇ ಬಿಟ್ಟೆವು. ಏರ್ ತೆಗೆದು ಸ್ಟಾರ್ಟ್ ಮಾಡಿ, ಎಷ್ಟು ರೇಸ್ ಮಾಡಿದರೂ ಒಂದು ಗುಳ್ಳೆ ಇಲ್ಲ. ಪಂಪ್ ಪಾಸ್, ಫಿಲ್ಟರ್ ಪಾಸ್. ಕಳ್ಳ ಹಿಂದೆ ಇದ್ದಾನೆ. ಪಂಪ್ ಬಿಚ್ಚಿಸಿ ಅಂದವರ ಮುಖಗಳು ನನಗೆ ಒಂದೊಂದಾಗಿ ನೆನಪಾದವು.

ಟ್ಯಾಂಕಿನಿಂದ ಫಿಲ್ಟರಿಗೆ ಬರುವ ದಾರಿಯಲ್ಲಿ ರಬ್ಬರ್ ಪೈಪಿನ ತುಂಡುಗಳೂ ನಡುವೆ ಕಬ್ಬಿಣದ ಪೈಪೂ ಇವೆ. ರಬ್ಬರ್ ಬಿರುಕು ಬಿಟ್ಟಿತ್ತು, ಎಲ್ಲಾ ಬದಲಾಯಿಸಿ ಹೊಸ ಕ್ಲಿಪ್ ಹಾಕಿದೆವು. ಗುಳ್ಳೆ ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಗ ಕಾಕ ಸುಮ್ಮನೆ ನಿಂತು ಯೋಚನೆ ಮಾಡಿ ಹೇಳಿದರು, ಹೊರಗಿನ ಪೈಪ್ ತೂತಾಗಿದ್ದರೆ ಟ್ಯಾಂಕ್ ಫುಲ್ ಇದ್ದಾಗಲೂ ಒಂದಲ್ಲ ಒಂದು ದಿನ ಎಳೆಯಬೇಕಿತ್ತು, ಅರ್ಧಕ್ಕಿಂತ ಕೆಳಗೆ ಮಾತ್ರ ಅಂದರೆ ಟ್ಯಾಂಕಿನ ಒಳಗೇ ನೋಡಬೇಕು ಅಂತ. ಸರಿಯಾದ ಮಾತು.

ಟ್ಯಾಂಕ್ ಇಳಿಸಿದೆವು. ಡೀಸೆಲ್ ಕಡಿಮೆ ಇದ್ದದ್ದು ಒಳ್ಳೆಯದಾಯಿತು, ಇಬ್ಬರಿಗೇ ಇಳಿಸಲು ಆಯಿತು. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಒಂದು ಮುರಿದೇ ಹೋಯಿತು. ಮೇಲ್ಗಡೆ ಇರುವ, ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಫ್ಲೋಟ್ ಯೂನಿಟ್ ಹೊರಗೆ ತೆಗೆದರೆ, ಅದರ ಜೊತೆಯಲ್ಲೇ ಡೀಸೆಲ್ ಎಳೆಯುವ ಪೈಪ್ ಬರುತ್ತದೆ, ತಳದಲ್ಲಿ ಸಣ್ಣ ಜಾಲರಿ. ಜಾಲರಿ ಚೆನ್ನಾಗಿತ್ತು. ಪೈಪಿನ ಕೆಳಗಿನ ಅರ್ಧ ಹೊಳೆಯುತ್ತಿತ್ತು. ಮೇಲಿನ ಅರ್ಧ ಪೂರ್ತಿ ತುಕ್ಕು. ನಮ್ಮ ಗಾಡಿಯ ಟ್ಯಾಂಕ್ ಹೆಚ್ಚಿನ ದಿನ ಅರ್ಧ ಖಾಲಿಯೇ ಇರುವುದು. ಡೀಸೆಲ್ಲಿನೊಳಗೆ ಮುಳುಗಿದ್ದ ಭಾಗ ಉಳಿದಿದೆ, ಮಳೆಗಾಲದ ಒದ್ದೆ ಗಾಳಿಯಲ್ಲಿ ನಿಂತ ಭಾಗ ತಿಂದುಹೋಗಿದೆ. ಕಣ್ಣಿಗೆ ತೂತು ಕಾಣಲಿಲ್ಲ. ಕಾಕ ತಳದ ಬಾಯಿಗೆ ಬೆರಳು ಒತ್ತಿ, ಪೈಪನ್ನು ಸೋಪಿನ ನೀರಿನ ಬಕೆಟ್ಟಿಗೆ ಇಳಿಸಿ, ಮೇಲಿನಿಂದ ಟ್ಯೂಬ್ ಸಿಕ್ಕಿಸಿ ಊದಿದರು. ತುಕ್ಕು ಶುರುವಾಗುವ ಜಾಗದಿಂದ ಸ್ವಲ್ಪ ಮೇಲೆ, ಸೂಜಿ ಚುಚ್ಚಿದಷ್ಟು ಸಣ್ಣ ತೂತಿನಿಂದ ಗುಳ್ಳೆ ಬಂತು.

ಎಳನೀರಿನ ಸ್ಟ್ರಾ ನಡುವೆ ತೂತಾಗಿದ್ದರೆ ಏನಾಗುತ್ತದೆ, ಅದೇ. ತೂತು ನೀರಿನೊಳಗೆ ಇರುವವರೆಗೆ ಗೊತ್ತೇ ಆಗುವುದಿಲ್ಲ, ನೀರು ತೂತಿಗಿಂತ ಕೆಳಗೆ ಇಳಿದ ಮೇಲೆ ಬರೀ ಗಾಳಿ ಬಾಯಿಗೆ ಬರುತ್ತದೆ. ಟ್ಯಾಂಕ್ ಫುಲ್ ಇದ್ದಾಗ ತೂತು ಡೀಸೆಲ್ಲಿನಲ್ಲಿ ಮುಳುಗಿತ್ತು. ಅರ್ಧಕ್ಕೆ ಬಂದಾಗ ಸಮತಟ್ಟು ರಸ್ತೆಯಲ್ಲಿ ಮುಳುಗಿಯೂ ಮುಳುಗದೆಯೂ ಇತ್ತು. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ನಮ್ಮ ಪೈಪ್ ಇರುವುದು ಟ್ಯಾಂಕಿನ ಮುಂದಿನ ಕಡೆ, ತೂತು ಹೊರಗೆ ಬಂತು. ಆದರೂ ತಕ್ಷಣ ಮಿಸ್ಸಿಂಗ್ ಬರುತ್ತಿರಲಿಲ್ಲ ಯಾಕೆ ಅಂದರೆ, ಹೋಗುವ ಗಾಳಿ ಮೊದಲು ಫಿಲ್ಟರಿನ ತಲೆಯಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಜಾಗ ತುಂಬಿದ ಮೇಲೆ ಒಟ್ಟಿಗೆ ಒಂದು ಗುಟುಕು ಪಂಪಿಗೆ ಹೋಗುತ್ತದೆ, ನಾಲ್ಕೂ ಸಿಲಿಂಡರ್ ತಪ್ಪುತ್ತವೆ, ಆ ಗಾಳಿ ರಿಟರ್ನಿನಲ್ಲಿ ಹೊರಟುಹೋದ ಮೇಲೆ ಮತ್ತೆ ಸರಿ. ಒಂದು ದಿನ ಆನೆಕಾಡಿನಲ್ಲಿ, ಇನ್ನೊಂದು ದಿನ ತೋಟದ ಗೇಟಿನಲ್ಲಿ ಅಂತ ಜಾಗ ಬದಲಾಗುತ್ತಿದ್ದ ಗುಟ್ಟು ಇಷ್ಟೇ.

ಹೊಸ ಫ್ಲೋಟ್ ಯೂನಿಟ್ ಹುಡುಕಿದೆವು, ಈ ಮಾದರಿಗೆ ಸಿಗಲಿಲ್ಲ. ತೂತಿಗೆ ಎಂ-ಸೀಲ್ ಮೆತ್ತಿದರೆ ಸಾಕು ಅಂದವರಿದ್ದರು. ತುಕ್ಕಿನ ಮೇಲೆ ಮೆತ್ತಿದ್ದು ಎಷ್ಟು ದಿನ ನಿಲ್ಲುತ್ತದೆ? ಪಕ್ಕದಲ್ಲೇ ಇನ್ನೊಂದು ತೂತು ತಯಾರಾಗುತ್ತಿತ್ತು. ತಾಮ್ರದ ಪೈಪ್ ಹಾಕೋಣ ಅಂತ ಮತ್ತೊಬ್ಬರು, ಬಗ್ಗಿಸಲು ಸುಲಭ ನಿಜ, ಆದರೆ ತಾಮ್ರ ತಾಗಿದ ಡೀಸೆಲ್ ಬೇಗ ಹಾಳಾಗಿ ಅಂಟು ಕಟ್ಟುತ್ತದೆ. ಕೊನೆಗೆ ಅದೇ ಅಳತೆಯ ಸ್ಟೀಲ್ ಪೈಪ್ ತಂದು, ತುಕ್ಕು ಹಿಡಿದ ಭಾಗ ಕತ್ತರಿಸಿ, ಕುಶಾಲನಗರದಲ್ಲಿ ರೇಡಿಯೇಟರ್ ಕೆಲಸ ಮಾಡುವವರ ಹತ್ತಿರ ಹಿತ್ತಾಳೆ ಬೆಸುಗೆ ಹಾಕಿಸಿದೆವು. ಯೂನಿಟ್ ಮಾತ್ರ ಬಿಚ್ಚಿ, ಚೆನ್ನಾಗಿ ತೊಳೆದು, ಒಣಗಿಸಿ ಒಯ್ದದ್ದು. ಟ್ಯಾಂಕಿನ ಹತ್ತಿರ ಬೆಂಕಿ ತರುವ ಕೆಲಸ ಖಾಲಿ ಟ್ಯಾಂಕ್ ಆದರೂ ಬೇಡ, ಡೀಸೆಲ್ಲಿನ ಆವಿ ಒಳಗೆ ಉಳಿದಿರುತ್ತದೆ. ಮತ್ತೆ ಸೋಪಿನ ನೀರಿನಲ್ಲಿ ಊದಿ ನೋಡಿ, ಟ್ಯಾಂಕಿನ ತಳದ ನೀರು ಕೆಸರು ತೊಳೆದು, ಮುರಿದ ಬೋಲ್ಟಿನ ಜಾಗಕ್ಕೆ ಹೊಸದು ಹಾಕಿ ಏರಿಸಿದೆವು. ಒಟ್ಟು ಖರ್ಚು ಪಂಪ್ ಬಿಚ್ಚಿಸುವುದರ ಒಂದು ಮೂಲೆಗೂ ಬರಲಿಲ್ಲ.

ಪರೀಕ್ಷೆಗೆ ಸಂಪಾಜೆಗೆ ಇಳಿದೆ. ಅಲ್ಲಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಏರು, ನಮ್ಮ ಜಿಲ್ಲೆಯಲ್ಲಿ ಗಾಡಿ ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆ ರಸ್ತೆ ಬೇಡ. ಬೇಕಂತಲೇ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಟ್ಟುಕೊಂಡಿದ್ದೆ. ಹೆಂಡತಿ ಪಕ್ಕದಲ್ಲಿ ಕೂತು ಮುಳ್ಳನ್ನೇ ನೋಡುತ್ತಿದ್ದಳು. ಲಾರಿಯ ಹಿಂದೆ ಸಿಕ್ಕಿ ಎರಡನೇ ಗೇರಿನಲ್ಲಿ ತೆವಳಿದೆವು, ತಿರುವುಗಳಲ್ಲಿ ಪೂರ್ತಿ ರೇಸ್ ಕೊಟ್ಟು ದಾಟಿಸಿದೆ, ಎಲ್ಲೂ ಮುಗ್ಗರಿಸಲಿಲ್ಲ. ಆಮೇಲೆ ಕೊಯ್ಲು ಮುಗಿಯುವವರೆಗೂ ಬರಲಿಲ್ಲ, ಮುಂದಿನ ಮಳೆಗಾಲದಲ್ಲೂ ಬರಲಿಲ್ಲ. ಬ್ಯಾರಲ್ಲಿನ ಡೀಸೆಲ್ ಈಗ ಪಂಪ್‌ಸೆಟ್ಟಿಗೆ ಮಾತ್ರ, ಅದೂ ಬಟ್ಟೆಯಲ್ಲಿ ಸೋಸಿ.

ಒಂದು ಮಾತ್ರ ಉಳಿದಿದೆ. ಫ್ಲೋಟ್ ಯೂನಿಟ್ ತೆಗೆದು ಹಾಕುವಾಗ ಅದರ ತಂತಿ ಎಲ್ಲೋ ಸ್ವಲ್ಪ ಬಗ್ಗಿದೆ. ಟ್ಯಾಂಕ್ ಫುಲ್ ಮಾಡಿದರೂ ಮುಳ್ಳು ಮುಕ್ಕಾಲು ದಾಟುವುದಿಲ್ಲ, ರಿಸರ್ವ್ ಲೈಟ್ ಬಂದ ಮೇಲೂ ಒಳಗೆ ಏಳೆಂಟು ಲೀಟರ್ ಇರುತ್ತದೆ. ಅದನ್ನು ಸರಿ ಮಾಡಲು ಮತ್ತೆ ಟ್ಯಾಂಕ್ ಇಳಿಸಬೇಕು. ಕಾಕ ಬರುತ್ತೇನೆ ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಹೆಂಡತಿ ಮೀಟರಿನ ಗಾಜಿನ ಮೇಲೆ ಶಾಲೆಯ ಮಾರ್ಕರಿನಿಂದ ತನ್ನದೇ ಗೆರೆಗಳನ್ನು ಎಳೆದುಕೊಂಡಿದ್ದಾಳೆ.